ಇಬ್ಬರು ಹಾಕಿ ಮ್ಯಾನೇಜರರ ನಡುವೆ ನನ್ನ ಸಂಸಾರ

ನನಗೆ ಒಂದೇ ಕಡೆ ಕೂರಲು ಬರುವುದಿಲ್ಲ. ಇದು ಮುಪ್ಪಿನಿಂದ ಬಂದ ರೋಗವಲ್ಲ, ಹುಟ್ಟಿನಿಂದ ಬಂದ ಗುಣ. ಇದನ್ನೂ ನಾನು ಕುಳಿತು ಬರೆಯುತ್ತಿದ್ದೇನೆಂದು ತಿಳಿಯಬೇಡಿ. ನಾಲ್ಕು ಸಾಲು ಬರೆಯುವುದು, ಏಳುವುದು, ಒಲೆ ಆರಿದೆಯೆಂದು ಗೊತ್ತಿದ್ದೂ ಅಡುಗೆಮನೆಗೆ ಹೋಗಿ ನೋಡುವುದು, ಅಂಗಳದ ಮಲ್ಲಿಗೆ ಬಳ್ಳಿಗೆ ಬೇಡದ ನೀರು ಹಾಕುವುದು, ಮತ್ತೆ ಬಂದು ಕೂರುವುದು. "ಅತ್ತೀ, ಏನ್ ಬೇಕಾಗಿತ್ತರೀ?" ಎಂದು ಸೊಸೆ ಕೇಳುತ್ತಾಳೆ. ಏನು ಬೇಕಾಗಿತ್ತೆಂದು ಗೊತ್ತಿದ್ದರೆ ಇಷ್ಟು ವರ್ಷ ಹೀಗೆ ತಿರುಗುತ್ತಿದ್ದೆನೆ?

ಮೊನ್ನೆ ಪೇಟೆಯಲ್ಲಿ ಚುರುಮುರಿ ಕಟ್ಟಿಕೊಟ್ಟ ಕಾಗದವನ್ನು ಮೊಮ್ಮಗ ಬಿಡಿಸಿ ಓದುತ್ತಿದ್ದ. ಇಂಗ್ಲಿಷ್ ಪತ್ರಿಕೆಯ ಹಾಳೆ. ಯಾವುದೋ ದೂರದ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಹಾಕಿ ಆಡುತ್ತಾರಂತೆ. ಅಲ್ಲಿ ಟೀಮಿಗೊಬ್ಬ ಮ್ಯಾನೇಜರ್, ಆಡುವವನಲ್ಲ, ಆಡಿಸುವವನು. ಯಾರ ಕಾಲದಲ್ಲಿ ಟೀಮು ಎಷ್ಟು ಗೆದ್ದಿತು, ಯಾರು ಯಾವ ಹುಡುಗನನ್ನು ಹುಡುಕಿ ತಂದರು, ಯಾರನ್ನು ಕೈಬಿಟ್ಟು ಕೆಟ್ಟರು ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತೂಗಿದ್ದರು. "ಅಜ್ಜೀ, ಇಂಥಾದ್ದನ್ನೂ ಬರೀತಾರ ನೋಡು" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಕೋಟು ತೊಟ್ಟ ಆ ಗಂಡಸರ ಫೋಟೋಗಳನ್ನು ನೋಡಿದೆ. ಒಬ್ಬೊಬ್ಬನ ಮುಖದಲ್ಲೂ 'ನಾ ಮಾಡಿದ್ದ ಖರೆ' ಎಂಬ ಒಂದು ಬಿಗಿ. ಆ ಬಿಗಿ ನನಗೆ ಚೆನ್ನಾಗಿ ಗೊತ್ತು. ಅಂಥ ಎರಡು ಮುಖಗಳ ನಡುವೆ ಸಂಸಾರ ಮಾಡಿದವಳು ನಾನು. ಒಂದು ನನ್ನ ಅಪ್ಪನದು, ಇನ್ನೊಂದು ಮಾವನವರದು.

ಅಪ್ಪ ಬಸಲಿಂಗಪ್ಪ ಬಬಲೇಶ್ವರದವನು. ವಿಜಾಪುರದ ಪೇಟೆಯಲ್ಲಿ ಜೋಳ, ಕುಸುಬಿಯ ದಲಾಲಿ ಮಾಡುವ ಅಡತಿ ಅಂಗಡಿ ಇಟ್ಟಿದ್ದ. ಮಾವ ಚನಮಲ್ಲಪ್ಪನವರು ತಿಕೋಟದವರು. ಅದೇ ಪೇಟೆಯಲ್ಲಿ ಅವರದು ಅರಿವೆ ಅಂಗಡಿ. ಊರಿಗೆ ಒಂದು ಹಾಕಿ ಟೀಮು ಇತ್ತು. ಪೊಲೀಸರು, ಸಾಲಿ ಮಾಸ್ತರರು, ನೇಕಾರರ ಹುಡುಗರು, ವ್ಯಾಪಾರಸ್ಥರ ಮಕ್ಕಳು ಎಲ್ಲ ಕೂಡಿದ ಟೀಮು. ಎರಡನೆಯ ಮಹಾಯುದ್ಧ ಶುರುವಾದ ಕಾಲಕ್ಕೆ ಅಪ್ಪ ಅದರ ಮ್ಯಾನೇಜರ್. ಆಮೇಲೆ ಟೀಮಿನ ಕಮಿಟಿಯವರು ಅವನನ್ನು ಇಳಿಸಿ ಚನಮಲ್ಲಪ್ಪನವರನ್ನು ಏರಿಸಿದರು. ಆಗ ಅವರು ನನಗೆ ಮಾವನಾಗಿರಲಿಲ್ಲ.

ಮ್ಯಾನೇಜರಿಕೆಗೆ ಸಂಬಳ ಇರಲಿಲ್ಲ. ಹನ್ನೊಂದು ಮಂದಿಯನ್ನು ಆರಿಸುವುದು, ಬಾಲು ಸ್ಟಿಕ್ಕು ಹೊಂದಿಸುವುದು, ಪರ ಊರಿನ ಟೀಮು ಬಂದರೆ ಚಹಾ, ಚುರುಮುರಿಯ ಸುಸಲಾ ಕೊಡುವುದು, ಸೋತರೆ ಪೇಟೆಯ ಉದ್ದಕ್ಕೂ ಬೈಸಿಕೊಳ್ಳುವುದು. ಗೆದ್ದರೆ ಹೆಸರು ಗೋಲು ಹೊಡೆದವನದು. ಇಷ್ಟು ಸುಖಕ್ಕಾಗಿ ಮೀಸೆ ಬೆಳ್ಳಗಾಗುತ್ತಿದ್ದ ಇಬ್ಬರು ಗೃಹಸ್ಥರು ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದಂತಾದರು.

ಅಪ್ಪನ ಲೆಕ್ಕದಲ್ಲಿ ಒಂದು ಬೆಳ್ಳಿ ಕಪ್ಪು ಇತ್ತು. ಆದರೆ ಆ ಕಪ್ಪಿನ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ಯುದ್ಧದ ಕಾಲ, ಪೆಟ್ರೋಲು ಇಲ್ಲದೆ ಬಸ್ಸುಗಳು ಇದ್ದಲಿಯ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಏರು ಬಂದರೆ ಮಂದಿ ಇಳಿದು ದೂಡಬೇಕು, ಇಳಿತ ಬಂದರೆ ದೇವರ ಹೆಸರು ಹೇಳಬೇಕು. ಫೈನಲ್ಲಿನ ದಿನ ಕೃಷ್ಣೆಯ ಆಚೆ ದಂಡೆಯ ಟೀಮು ಅಂಥದೊಂದು ಬಸ್ಸಿನಲ್ಲಿ ಹೊರಟಿತು. ಬಸ್ಸು ಬಬಲೇಶ್ವರದ ಹತ್ತಿರ ನಿಂತಿತು. ಎಷ್ಟು ಊದಿದರೂ ಕೆಂಡ ಹತ್ತಲಿಲ್ಲ. ಇಲ್ಲಿ ಹೊತ್ತು ಮೀರಿತು, ಆಟವಿಲ್ಲದೆಯೇ ಕಪ್ಪು ನಮ್ಮ ಟೀಮಿಗೆ ಬಂತು.

ಮಾವನವರ ಲೆಕ್ಕದಲ್ಲಿ ಕಪ್ಪಿರಲಿಲ್ಲ. ಎರಡು ಸಲ ಟೀಮನ್ನು ಫೈನಲ್ಲಿಗೆ ಒಯ್ದಿದ್ದರು, ಎರಡೂ ಸಲ ಸೋತಿದ್ದರು. ಆದರೆ ಆಡಿ ಸೋತಿದ್ದರು. ಬೀಗರಾದ ಮೇಲೆ ಪಡಸಾಲೆಯಲ್ಲಿ ನಾನು ಕೇಳಿದ ಮಾತು ಹೀಗಿರುತ್ತಿತ್ತು.

"ಬೀಗರ, ನಾ ಕಪ್ಪ ತಂದೇನಿ. ನೀವೇನ್ ತಂದೀರಿ?" ಇದು ಅಪ್ಪ.

"ನೀವು ಕಪ್ಪ ತಂದೀರಿ, ನಾ ಆಟಾ ತಂದೇನಿ. ಆ ಬಸ್ಸ ನಿಂತದ್ದು ಎಲ್ಲಿ? ನಿಮ್ಮ ಊರ ಮುಂದ. ಇದ್ದಲ್ಯಾಗ ಏನ್ ಕಲಸಿದ್ರಿ, ಈಗರೇ ಹೇಳ್ರಿ."

"ಇದ್ದಲಿ ಹಸೀ ಇದ್ರ ನಾ ಏನ್ ಮಾಡ್ಲಿ?"

"ಹಸೀ ಇದ್ದಲಿ ಯಾರ ಅಂಗಡಿದು ಅಂತೇನಿ."

ಅಷ್ಟರಲ್ಲಿ ನಾನು ಮಜ್ಜಿಗೆ ತಂದಿಡಬೇಕು. ಕುಡಿಯುವಾಗ ಮಾತಾಡಲು ಬರುವುದಿಲ್ಲವಲ್ಲ. ನಮ್ಮ ಮನೆಯಲ್ಲಿ ಮಜ್ಜಿಗೆ ಬಹಳ ಖರ್ಚಾಗುತ್ತಿತ್ತು.

ಮಜ್ಜಿಗೆ ಮುಗಿದ ಕೂಡಲೇ ಕಾಶೀಮನ ವಿಷಯ. ಕಾಶೀಮ ನಮ್ಮ ಗೋಲ್‌ಕೀಪರ್. ಕಲ್ಲಂಗಡಿ ವ್ಯಾಪಾರದ ಮನೆಯವನು. ಬಂಡಿಯ ಮೇಲಿಂದ ಎಸೆದ ಹಣ್ಣುಗಳನ್ನು ಒಂದೂ ನೆಲಕ್ಕೆ ಬೀಳದಂತೆ ಹಿಡಿಯುತ್ತಿದ್ದುದನ್ನು ಅಪ್ಪ ನೋಡಿ, ಅಲ್ಲಿಂದಲೇ ಕೈಹಿಡಿದು ಮೈದಾನಕ್ಕೆ ಕರೆತಂದಿದ್ದ. "ಕಾಶೀಮನ್ನ ತಂದಾಂವ ನಾನು" ಎಂದು ಅಪ್ಪ. "ತಂದು ಬರಿಗಾಲಲೆ ನಿಂದರಿಸಿದ್ರಿ. ಕಾಲಿಗೆ ಪ್ಯಾಡ್ ಕಟ್ಟಿಸಿ, ಎಡಕ್ಕ ಹೆಂಗ ಬೀಳಬೇಕು ಅಂತ ಕಲಿಸಿದಾಂವ ನಾನು" ಎಂದು ಮಾವ. ಕಾಶೀಮ ಮಾತ್ರ ಇಬ್ಬರಿಗೂ ಸಲಾಮು ಹೊಡೆದು, ಇಬ್ಬರ ಮನೆಯಲ್ಲೂ ಉಂಡು, ಯಾರ ಪರವಾಗಿಯೂ ಸಾಕ್ಷಿ ಹೇಳುತ್ತಿರಲಿಲ್ಲ.

ತಡೆಯಿರಿ, ಬಾಗಿಲು ಬಡಿದ ಹಾಗಾಯಿತು. ಗಾಳಿ. ಎಲ್ಲಿದ್ದೆ?

ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದು ನೀವು ಕೇಳಬಹುದು. ಆಗ ಹೆಣ್ಣುಮಕ್ಕಳು ಮೈದಾನದ ಕಡೆ ಮುಖ ಹಾಕುವಂತಿರಲಿಲ್ಲ. ಆದರೆ ಚಿಗವ್ವನ ಮನೆ ಮೈದಾನದ ಪಕ್ಕಕ್ಕೇ ಇತ್ತು, ಮಣ್ಣಿನ ಮಾಳಿಗೆಯ ಮನೆ. ಆಟವಿದ್ದ ದಿನ ನನಗೆ ಹಪ್ಪಳ, ಸಂಡಿಗೆ ಒಣಹಾಕುವ ಹುಕಿ ಬರುತ್ತಿತ್ತು. ಚಿಗವ್ವನ ಮಾಳಿಗೆಯ ಮೇಲೆ ಒಣಗಿದಷ್ಟು ಹಪ್ಪಳ ಇಡೀ ಜಿಲ್ಲೆಯಲ್ಲಿ ಒಣಗಿರಲಿಕ್ಕಿಲ್ಲ. ಒಣಗಿದ್ದನ್ನೇ ಮತ್ತೆ ತಂದು ಒಣಗಿಸುತ್ತಿದ್ದೆ. ಮಾಳಿಗೆಯ ಈ ತುದಿಯಿಂದ ಆ ತುದಿಗೆ, ಬಾಲು ಹೋದ ಕಡೆಗೆ ನಾನೂ ಓಡುತ್ತಿದ್ದೆ. "ಮಾಳಗಿ ಕುಸದು ನನ್ನ ತಲಿ ಮ್ಯಾಲ ಬೀಳತೈತಿ ಗಂಗೀ, ಒಂದ ಕಡೆ ಕುಂಡ್ರ ಬೇ!" ಎಂದು ಚಿಗವ್ವ ಕೆಳಗಿನಿಂದ ಕೂಗುತ್ತಿದ್ದಳು.

ಅಲ್ಲಿಂದ ನೋಡುವಾಗ ಒಬ್ಬನು ನನ್ನ ಕಣ್ಣಿಗೆ ಬಿದ್ದ. ಅವನು ಆಟದ ಒಳಗಿರಲಿಲ್ಲ. ಸುಣ್ಣದ ಗೆರೆಯ ಹೊರಗೆ, ಕೈಯಲ್ಲಿ ಸ್ಟಿಕ್ಕು ಹಿಡಿದು, ಬಾಲಿನ ಜತೆಜತೆಗೇ ಓಡುತ್ತಿದ್ದ. ಒಳಗಿನವರು ತಿರುಗಿದರೆ ತಿರುಗುವನು, ನಿಂತರೆ ನಿಲ್ಲುವನು. ಗೋಲಿನ ಮುಂದೆ ಬಾಲು ಬಂದಾಗ ಬರೀ ಗಾಳಿಗೆ ಸ್ಟಿಕ್ಕು ಬೀಸುವನು. ಒಳಗಿನವನು ತಪ್ಪಿಸಿದರೆ ಇವನು ನೆಲಕ್ಕೆ ಕೂತುಬಿಡುವನು. ನನ್ನಂಥವನು ಇನ್ನೊಬ್ಬನಿದ್ದಾನೆ ಈ ಊರಲ್ಲಿ ಎಂದುಕೊಂಡೆ. ಅವನೇ ಮುಂದೆ ನನ್ನ ಗಂಡನಾದ. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ. ಊರವರು ಈರಣ್ಣ ಎನ್ನುತ್ತಿದ್ದರು.

ನಮ್ಮವರ ಆಟದ ಬಗ್ಗೆ ಊರಲ್ಲಿ ಎರಡು ಮಾತಿರಲಿಲ್ಲ. ದಿನಾ ಸಂಜೆಯ ಆಟದಲ್ಲಿ ಅವರಿಗೆ ಬಾಲು ಸಿಕ್ಕರೆ ಕಾಶೀಮನೇ ಕಣ್ಣು ಮುಚ್ಚಿಕೊಳ್ಳುತ್ತಿದ್ದನಂತೆ. ಆದರೂ ಟೂರ್ನಮೆಂಟು ಬಂದಾಗ ಅವರು ಗೆರೆಯ ಹೊರಗೆ. ಅಪ್ಪನ ಕಾಲದಲ್ಲಿ ಕಾರಣ ಹೀಗಿತ್ತು: ಚನಮಲ್ಲಪ್ಪನವರು ಆಗ ಕಮಿಟಿಯಲ್ಲಿದ್ದರು, ಅವರ ಮಗನನ್ನು ಆಡಿಸಿದರೆ ಅಪ್ಪ ಕಮಿಟಿಗೆ ಹೆದರಿದನೆಂದು ಪೇಟೆ ನಗುತ್ತಿತ್ತು. ಮಾವನವರೇ ಮ್ಯಾನೇಜರ್ ಆದಾಗ, ಇನ್ನೇನು ಬಂತು ಎಂದುಕೊಂಡರೆ, ಅವರು ಮೊದಲ ದಿನವೇ ಸಾರಿಬಿಟ್ಟರು: "ಮಗನ್ನ ತುರುಕಾಕ ಮ್ಯಾನೇಜರ್ ಆಗ್ಯಾನ ಅನಿಸ್ಕೊಳ್ಳಾಂವಲ್ಲ ನಾನು." ಹೀಗೆ ಇಬ್ಬರ ಮರ್ಯಾದೆಯನ್ನೂ ನಮ್ಮವರು ಗೆರೆಯ ಹೊರಗೆ ನಿಂತು ಕಾಪಾಡಿದರು.

ಮುಖ ನೋಡದ ಆ ಇಬ್ಬರ ನಡುವೆ ನೆಂಟರು ಓಡಾಡಿ ಮದುವೆಯ ಮಾತು ತಂದಾಗ ಅವ್ವ ಅಪ್ಪನನ್ನು ನೇರವಾಗಿ ಕೇಳಿದಳು. "ಟೀಮಿಗೆ ಬ್ಯಾಡಾದಾಂವ ಮಗಳಿಗೆ ಹೆಂಗ ಛಲೋ ಆದಾನು?"

ಅಪ್ಪ ಎಲೆ ಅಡಿಕೆ ಅಗಿಯುತ್ತ ಹೇಳಿದ: "ಇಷ್ಟ ವರ್ಷ ಹೊರಗ ನಿಂತಾನ, ಒಂದ ದಿನ ಒಬ್ಬರಿಗೂ ಒಂದ ಮಾತ ಅಂದಿಲ್ಲ. ಅಂಥಾ ಹುಡುಗ ಎಲ್ಲಿ ಸಿಗತಾನ?"

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದೆ. ಮುಖ ನೋಡದೆ, ಬರೀ ಓಡುವುದನ್ನು ನೋಡಿ ಒಪ್ಪಿದ ಹುಡುಗಿ ನಾನೊಬ್ಬಳೇ ಇರಬೇಕು.

ತಿಕೋಟದಲ್ಲಿ ಮದುವೆಯಾಯಿತು. ನಾವು ವಿಜಾಪುರದಲ್ಲಿ ಅಥಣಿ ರಸ್ತೆಯ ಕಡೆ ಇದ್ದ ಮಾವನವರ ಮನೆಯಲ್ಲಿ ಸಂಸಾರ ಹೂಡಿದೆವು. ಮನೆಯ ಹಿಂದೆ ಆಗ ಬರೀ ಜೋಳದ ಹೊಲ. ಮೊದಲ ತಿಂಗಳಲ್ಲೇ ತಿಳಿಯಿತು, ನಮ್ಮವರಿಗೂ ನಿದ್ದೆಯಲ್ಲಿ ಕಾಲು ನಿಲ್ಲುವುದಿಲ್ಲ. ನಾನು ಕುಳಿತಲ್ಲಿ ಕೂರುವವಳಲ್ಲ, ಅವರು ಮಲಗಿದಲ್ಲಿ ಮಲಗುವವರಲ್ಲ. "ಈ ಮನ್ಯಾಗ ಗ್ವಾಡಿ ಅಷ್ಟ ಸುಮ್ಮ ನಿಂತಾವ" ಎನ್ನುತ್ತಿದ್ದರು ನಮ್ಮ ಅತ್ತೆ.

ಯುದ್ಧ ಮುಗಿದ ಮರುವರ್ಷ ಊರಲ್ಲಿ ದೊಡ್ಡ ಟೂರ್ನಮೆಂಟು ಗೊತ್ತಾಯಿತು. ಸೊಲ್ಲಾಪುರದಿಂದ ಒಂದು ಮಿಲ್ಲಿನ ಟೀಮು ಬರುವುದಿತ್ತು. ಆ ಮಿಲ್ಲಿನವರು ಚೆನ್ನಾಗಿ ಆಡುವವರಿಗೆ ಕೆಲಸ ಕೊಡುತ್ತಿದ್ದರು. ಹೆಸರಿಗೆ ನೂಲಿನ ಖಾತೆ, ಮಾಡುವುದು ಹಾಕಿ. ಅವರ ಟೀಮಿನ ಸಾಹೇಬನೊಬ್ಬ ಆಟಗಾರರನ್ನು ಆರಿಸಲು ಜೊತೆಗೇ ಬರುತ್ತಾನೆಂದು ಸುದ್ದಿ. ಅದನ್ನು ಕೇಳಿದ ದಿನದಿಂದ ನಮ್ಮವರು ಅಂಗಡಿಯಲ್ಲಿ ಅರಿವೆ ಅಳೆಯುವಾಗ ಗಜ ತಪ್ಪತೊಡಗಿದರು. ನನ್ನ ಮುಂದೆ ಏನೂ ಹೇಳಲಿಲ್ಲ. ಒಂದು ಸಲ ಮಾತ್ರ, "ಸೊಲ್ಲಾಪುರಾಗ ನೀರು ಹೆಂಗ ಅದಾವೋ ಏನೋ" ಎಂದರು. ಅದರಲ್ಲಿ ಎಲ್ಲ ಇತ್ತು.

ಕಮಿಟಿಯವರಿಗೆ ಒಂದು ಬುದ್ಧಿ ಹೊಳೆಯಿತು. ಅಪ್ಪನ ಪರವಾಗಿ ಅರ್ಧ ಊರು, ಮಾವನವರ ಪರವಾಗಿ ಅರ್ಧ ಊರು. ಹಾಗಾದರೆ ಇಬ್ಬರನ್ನೂ ಕೂಡಿಯೇ ಮ್ಯಾನೇಜರ್ ಮಾಡಿದರಾಯಿತು ಎಂದರು. ಹೀಗೆ ಒಂದು ಮಧ್ಯಾಹ್ನ ಇಬ್ಬರೂ ನಮ್ಮ ಪಡಸಾಲೆಯಲ್ಲಿ ಉಣ್ಣುತ್ತ ಟೀಮು ಆರಿಸಲು ಕುಳಿತರು. ನಾನು ನೀಡುತ್ತಿದ್ದೆ. ನಮ್ಮವರು ಹೊರಗೆ ಕಟ್ಟೆಯ ಮೇಲಿದ್ದರು.

ಎಲ್ಲರೂ ಹೆದರಿದ ಹಾಗೆ ಜಗಳ ಆಗಲಿಲ್ಲ. ಗೋಲಿಗೆ ಕಾಶೀಮ, ಬ್ಯಾಕಿಗೆ ಪೊಲೀಸರಿಬ್ಬರು, ಹಾಫಿಗೆ ಮಾಸ್ತರರು, ಹೀಗೆ ರೊಟ್ಟಿ ಮುಗಿಯುವುದರೊಳಗೆ ಹತ್ತು ಹೆಸರು ಸರಾಗವಾಗಿ ಬಂದವು. ಮುಂದೆ ನಿಂತು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಒಬ್ಬನೇ ಉಳಿದ. ಅಲ್ಲಿಗೆ ಬಂದು ಇಬ್ಬರೂ ನಿಂತರು. ಅಪ್ಪ ಗೋಡೆ ನೋಡಿದ. ಮಾವನವರು ತಟ್ಟೆ ನೋಡಿದರು.

"ನೀವ ಹೇಳ್ರಿ ಬೀಗರ" ಎಂದ ಅಪ್ಪ.

"ನಾ ಹೆಂಗ ಹೇಳ್ಲಿ? ಮಗನ್ನ ಹಾಕಿದ್ರ ಮಂದಿ ಬಿಡ್ತಾರೇನು?"

"ಖರೆ. ನಾ ಅಳಿಯಾನ್ನ ಹಾಕಿದ್ರೂ ಅದ ಮಾತ."

"ಆ ಗುತ್ತೇದಾರನ ತಮ್ಮ ಅದಾನಲ್ರಿ?"

"ಅವಗ ಓಡಾಕ ಆಗೂದಿಲ್ಲ. ಆದ್ರ ಯಾರೂ ಏನೂ ಅನ್ನೂದಿಲ್ಲ."

ಆ ಗುತ್ತೇದಾರನ ತಮ್ಮನನ್ನು ನಾನು ಬಲ್ಲೆ. ಅವನು ಬಾಲಿನ ಹಿಂದೆ ಹೋಗುವವನಲ್ಲ, ಬಾಲು ತನ್ನ ಹತ್ತಿರ ಬಂದರೆ ಮಾತಾಡಿಸುವವನು. ಹೊರಗೆ ಕಟ್ಟೆಯ ಮೇಲೆ ಸಪ್ಪಳವೇ ಇರಲಿಲ್ಲ. ನಮ್ಮವರು ಕೇಳಿಸಿಕೊಳ್ಳುತ್ತಿದ್ದರು.

ನನ್ನ ಕೈಯಲ್ಲಿ ಬ್ಯಾಳಿಯ ಬೋಗುಣಿ ಇತ್ತು. ಅದನ್ನು ಕೆಳಗೆ ಇಟ್ಟೆ. ಮಾವನವರ ಮುಂದೆ ಅಲ್ಲಿಯವರೆಗೆ "ನೀಡ್ಲೇನ್ರಿ", "ಸಾಕೇನ್ರಿ" ಎಂಬ ಎರಡು ಮಾತು ಬಿಟ್ಟು ಮೂರನೆಯದು ಆಡಿದವಳಲ್ಲ ನಾನು.

"ಅಪ್ಪಾ" ಎಂದೆ. "ನೀನು ಕಪ್ಪ ತಂದಿ, ಖರೆ. ಆ ಫೈನಲ್‌ದಾಗ ನಿನ್ನ ಟೀಮು ಒಂದರೇ ಗೋಲ ಹೊಡದೈತೇನು? ಬಸ್ಸ ನಿಂತು ಕಪ್ಪ ಬಂತು. ಮಾವಾರ, ನೀವು ಎರಡ ಸಲ ಫೈನಲ್ ಮುಟ್ಟಿಸಿದ್ರಿ. ನಾ ಮಾಳಗಿ ಮ್ಯಾಲಿಂದ ನೋಡೇನಿ. ಎರಡೂ ಸಲ ಬಾಲ್ ಗೋಲಿನ ಮುಂದ ಬಂದು ಬಂದು ಹೋತು, ಹೊಡ್ಯಾವ್ರು ಇರಲಿಲ್ಲ. ಹೊಡ್ಯಾವ್ರು ಗೆರಿ ಹೊರಗ ಓಡಾಕತ್ತಿದ್ರು. ನಿಮ್ಮಿಬ್ಬರೊಳಗ ಯಾರು ಛಲೋ, ಯಾರು ಕೆಟ್ಟ ಅಂತ ಊರೆಲ್ಲಾ ತೂಗತೈತಿ. ನಾನೂ ತೂಗೇನಿ. ಅವರನ್ನ ಹೊರಗ ನಿಂದರಿಸೂದ್ರಾಗ ಇಬ್ಬರೂ ಸಮಾ ಅದೀರಿ."

ಅಡುಗೆಮನೆಯಲ್ಲಿ ಅತ್ತೆಯ ಕೈಯಿಂದ ಸೌಟು ಬಿತ್ತು. ಅಪ್ಪನ ಬಾಯಲ್ಲಿ ತುತ್ತು ಹಾಗೆಯೇ ಉಳಿಯಿತು. "ಯಾರ ಮುಂದ ನಿಂತು ಮಾತಾಡಾಕತ್ತಿ ಬೇ?" ಎಂದ, ಆದರೆ ಅದರಲ್ಲಿ ಜೋರಿರಲಿಲ್ಲ. ಮಾವನವರು ಎದ್ದರು, ಹಿತ್ತಲಿಗೆ ಹೋಗಿ ಕೈತೊಳೆದರು, ಪೇಟ ಸುತ್ತಿಕೊಂಡು ಬಾಗಿಲ ತನಕ ಹೋದರು. ನಾನು ತವರಿಗೆ ಹೋಗುವ ಗಂಟು ಕಟ್ಟಬೇಕಾದೀತೆಂದು ನಿಂತಿದ್ದೆ. ಅವರು ಹೊಸ್ತಿಲ ಮೇಲೆ ನಿಂತು, ಹೊರಗೆ ಕುಳಿತ ಮಗನನ್ನು ನೋಡದೆ, ನನ್ನನ್ನೂ ನೋಡದೆ ಹೇಳಿದರು: "ಗಂಗವ್ವಾ, ಅವಗ ಹೇಳು, ಆಟದ ದಿನ ಬರಿಗಾಲಲೆ ಬರಬ್ಯಾಡ ಅಂತ. ನೆಲಾ ಕಾದಿರತೈತಿ."

ಆಟದ ದಿನ ಚಿಗವ್ವನ ಮಾಳಿಗೆಯ ಮೇಲೆ ನಾನು, ಅತ್ತೆ ಇಬ್ಬರೂ ಇದ್ದೆವು. ಹಪ್ಪಳದ ನೆವ ಹೇಳುವ ವಯಸ್ಸು ದಾಟಿತ್ತು. ನಮ್ಮವರು ಗೆರೆ ದಾಟಿ ಒಳಗೆ ಬರುವುದನ್ನು ನಾನು ಮೊದಲ ಸಲ ನೋಡಿದೆ. ಬಂದವರು ನಡುಮೈದಾನದಲ್ಲಿ ಒಂದು ಗಳಿಗೆ ಸುಮ್ಮನೆ ನಿಂತರು, ಹೊಸ ಮನೆಗೆ ಬಂದವರ ಹಾಗೆ. ಆಮೇಲೆ ಓಡಿದರು. ಅಯ್ಯೋ, ಏನು ಓಟ! ಮೊದಲ ಅರ್ಧದಲ್ಲೇ ಮಿಲ್ಲಿನವರ ಇಬ್ಬರು ಬ್ಯಾಕುಗಳ ನಡುವೆ ತೂರಿಕೊಂಡು ಹೋಗಿ ಗೋಲು ಹೊಡೆದರು. ಅತ್ತೆ ನನ್ನ ಮುಂಗೈ ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಬಳೆ ಒಡೆಯಿತು.

ಎರಡನೆಯ ಅರ್ಧದಲ್ಲಿ ಮಿಲ್ಲಿನವರು ಎರಡು ಗೋಲು ಹೊಡೆದರು. ಕಾಶೀಮ ತಡೆದದ್ದಕ್ಕೆ ಎರಡಾಯಿತು, ಇಲ್ಲವಾದರೆ ಹತ್ತಾಗುತ್ತಿತ್ತು. ಕೊನೆಗೆ ಒಂದು ಬಾಲು ಬಂತು. ಬಲಗಡೆಯಿಂದ ನಮ್ಮ ಪೊಲೀಸನೊಬ್ಬ ಹೊಡೆದ ಬಾಲು ಗೋಲಿನ ಮುಂದೆ ಉರುಳುತ್ತ ಹೋಯಿತು. ನಮ್ಮವರು ಹಾರಿದರು. ಸ್ಟಿಕ್ಕಿನ ತುದಿಗೂ ಬಾಲಿಗೂ ಒಂದು ಗೇಣು ಉಳಿಯಿತು. ಗೆರೆಯ ಹೊರಗೆ ಓಡುತ್ತಿದ್ದ ಕಾಲದಲ್ಲಾಗಿದ್ದರೆ ಆ ಗೇಣು ಉಳಿಯುತ್ತಿರಲಿಲ್ಲ. ಅದು ನನಗೆ ಮಾಳಿಗೆಯ ಮೇಲೇ ತಿಳಿಯಿತು. ಅವರಿಗೆ ನೆಲದ ಮೇಲೆ ಬಿದ್ದಲ್ಲೇ ತಿಳಿದಿರಬೇಕು, ತಟ್ಟನೆ ಏಳಲಿಲ್ಲ.

ಸಂಜೆ ಕಾಶೀಮ ಪೇಢೆ ಹಿಡಿದುಕೊಂಡು ಮನೆಗೆ ಬಂದ. ಮಿಲ್ಲಿನ ಸಾಹೇಬ ಅವನನ್ನು ಆರಿಸಿದ್ದ. ಅವನ ಮುಖದಲ್ಲಿ ಖುಷಿಯನ್ನು ಎಲ್ಲಿ ಬಚ್ಚಿಡುವುದೆಂಬ ಕಷ್ಟ ಇತ್ತು. "ಅವರದು ಏನಾತು?" ಎಂದೆ. ನಮ್ಮವರು ಇನ್ನೂ ಬಂದಿರಲಿಲ್ಲ.

"ವೈನೀ, ಹೆಂಗ ಹೇಳ್ಲಿ" ಎಂದ ಕಾಶೀಮ, ನನ್ನನ್ನು ಅತ್ತಿಗೆಯೆಂದೇ ಕರೆಯುತ್ತಿದ್ದವನು. "ಸಾಹೇಬ ಅಣ್ಣಾರ ಕೈ ಹಿಡ್ಕೊಂಡ. ಸ್ಟಿಕ್ ಬಂಗಾರ ಐತಿ ಅಂದ. ಆದ್ರ ಕಾಲಿಗೆ ವಯಸ್ಸಾತು, ನಾಕೈದ ವರ್ಷ ಮೊದಲ ಎಲ್ಲಿದ್ದಿ ನೀನು ಅಂತ ಕೇಳಿದ. ಅಣ್ಣಾರು ಸುಮ್ಮನ ನಕ್ರು. ನಿಮ್ಮ ಅಪ್ಪಾರು, ಮಾವಾರು ಇಬ್ಬರೂ ಅಲ್ಲೇ ನಿಂತಿದ್ರು, ವೈನೀ."

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ನನಗೆ ತಡೆಯಲಾಗುವುದಿಲ್ಲ. ಕಾಶೀಮ ಸೊಲ್ಲಾಪುರಕ್ಕೆ ಹೋಗಿ ಹೆಸರು ಮಾಡಿದ. ನಮ್ಮವರು ಅರಿವೆ ಅಂಗಡಿಯಲ್ಲೇ ಉಳಿದರು; ಸಂಜೆ ಸಾಲಿಯ ಹುಡುಗರಿಗೆ ಹಾಕಿ ಕಲಿಸಿದರು, ಬಂದವರನ್ನೆಲ್ಲ ಸರತಿಯ ಮೇಲೆ ಆಡಿಸಿದರು. ಮ್ಯಾನೇಜರ್ ಆಗಬೇಕೆಂದು ಕಮಿಟಿಯವರು ಮುಂಬಾಗಿಲಿಗೆ ಬಂದಾಗಲೆಲ್ಲ ಅವರು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಇಳಿಯುತ್ತಿದ್ದರು.

ಆದರೆ ಆ ಸಂಜೆ ಇನ್ನೂ ಮುಗಿದಿಲ್ಲ. ದೀಪ ಹಚ್ಚುವ ಹೊತ್ತಿಗೆ ನಮ್ಮವರು ಬಂದರು, ಅವರ ಹಿಂದೆ ಅಪ್ಪ ಮತ್ತು ಮಾವ. ಮೂವರೂ ಉಣ್ಣಲು ಕುಳಿತರು. ಬಸ್ಸಿನ ಮಾತಿಲ್ಲ, ಕಾಶೀಮನ ಮಾತಿಲ್ಲ, ರೊಟ್ಟಿ ಮುರಿಯುವ ಸಪ್ಪಳವೊಂದೇ. ಅವರ ಜಗಳಕ್ಕೆ ಮಜ್ಜಿಗೆ ತಂದು ತಂದು ಬೇಸತ್ತವಳಿಗೆ ಆ ಮೌನ ತಡೆಯಲಾಗಲಿಲ್ಲ. ಯಾರೂ ಕೇಳದ ನೀರನ್ನು ಮತ್ತೆ ಮತ್ತೆ ಒಯ್ದಿಟ್ಟೆ.

ಆಗ ನಮ್ಮವರು ತಲೆ ಎತ್ತಿದರು.

"ಊರಾಗ ಎಲ್ಲಾರೂ ಕೇಳ್ತಾರ, ನಾ ಎಂದೂ ಕೇಳಿಲ್ಲ. ಇವತ್ತ ಕೇಳ್ತೇನಿ. ನಿಮ್ಮಿಬ್ಬರೊಳಗ ಛಲೋ ಮ್ಯಾನೇಜರ್ ಯಾರು?"

"ಬೀಗರು" ಎಂದ ಅಪ್ಪ.

"ಬೀಗರು" ಎಂದರು ಮಾವ, ಅದೇ ಗಳಿಗೆಗೆ.

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. "ಅಲ್ರೀ, ಕಾಶೀಮನ್ನ ಹುಡುಕಿದವ್ರು ನೀವಲ್ಲೇನು?" ಎಂದರು ಮಾವ.

"ಹುಡುಕೇನಿ. ಎಡಕ್ಕ ಬೀಳಾಕ ಕಲಿಸಿದವ್ರು ಯಾರು? ನೀವು!"

"ಕಪ್ಪ ತಂದವ್ರು ನೀವ್ರಿ!"

"ಹಸೀ ಇದ್ದಲಿ ಕಪ್ಪ ಅದು! ಖರೇ ಆಡಿಸಿದವ್ರು ನೀವು, ನಾ ಅಲ್ಲ!"

ದನಿ ಏರಿತು. ಅಪ್ಪ ನೆಲಕ್ಕೆ ಅಂಗೈ ಬಡಿದ. ನಮ್ಮವರು ಮೆಲ್ಲನೆ ಎದ್ದು, ಕೈತೊಳೆದು, ಹೊರಗೆ ಕಟ್ಟೆಗೆ ಹೋದರು. ನಾನು ಸೌಟು ಬಿಟ್ಟು ಹಿಂದೆಯೇ ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಆ ಕಾಲಕ್ಕೆ ಸೊಸೆಯಾದವಳು ಮಾಡುವ ಕೆಲಸವಲ್ಲ ಅದು. ಅತ್ತೆ ನೋಡಿದರು, ನೋಡದವರಂತೆ ಒಳಗೆ ಹೋದರು.

"ನೀ ಮಾಳಗಿ ಮ್ಯಾಲಿಂದ ಎಲ್ಲಾ ನೋಡೀದಿ" ಎಂದರು ನಮ್ಮವರು. "ನೀ ಹೇಳು ಗಂಗೀ. ಯಾರು ಛಲೋ?"

"ಇಬ್ಬರೂ ಅಷ್ಟಕ್ಕಷ್ಟ" ಎಂದೆ.

ಅವರು ನಕ್ಕರು. ನಗುತ್ತ ನಗುತ್ತ ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡರು, ಬಹಳ ಹೊತ್ತು ತೆಗೆಯಲಿಲ್ಲ. ಮಾವನವರು ಸೋತ ಎರಡೂ ಫೈನಲ್ಲುಗಳನ್ನು ಒಳಗೆ ಅಪ್ಪ ಕೂಗಿ ಕೂಗಿ ಹೊಗಳುತ್ತಿದ್ದ.